ಐದನೇ ನಂಬರಿನ ಸಂಜೆ

ಅಜ್ಜಿ ಸತ್ತ ದಿನ ಚಿಕ್ಕಮ್ಮ ಅಳಲಿಲ್ಲ. ಊರಿಗೆ ಊರೇ ಮೂಗೊರೆಸಿಕೊಳ್ಳುತ್ತ ನಮ್ಮ ಮೆಟ್ಟಿಲು ಹತ್ತಿ ಇಳಿಯುತ್ತಿದ್ದಾಗ ಅವಳು ಅಡುಗೆಮನೆಯಲ್ಲಿ ನಿಂತು ಲೋಟ ತೊಳೆಯುತ್ತಿದ್ದಳು. ಬಂದವರಿಗೆಲ್ಲ ಟೀ ಆಗಬೇಕಿತ್ತು, ಲೋಟಗಳು ಸಾಲುತ್ತಿರಲಿಲ್ಲ. ಜನ ನೋಡಿದ್ದು ಅವಳ ಒಣ ಕಣ್ಣನ್ನು, ಒದ್ದೆ ಕೈಯನ್ನಲ್ಲ. ನಾನೂ ಅದನ್ನೇ ನೋಡಿದೆ. ಆಗ ನನಗೆ ಹದಿಮೂರು, ಅವಳನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಎಂಥ ಕಲ್ಲು ಹೆಂಗಸು ಅಂದುಕೊಂಡೆ.

ನಮ್ಮದು ಟೀಚರ್ ಮನೆ. ಅಂಚೆಯವನಿಗೆ ಅಷ್ಟು ಬರೆದರೆ ಸಾಕಿತ್ತು. ಅಜ್ಜಿ ಒಂದೇ ಶಾಲೆಯ ಒಂದೇ ಕೋಣೆಯಲ್ಲಿ ನಲವತ್ತೊಂದು ವರ್ಷ ಮೂರನೇ ತರಗತಿಗೆ ಪಾಠ ಹೇಳಿದವಳು. ಅಜ್ಜ ತೀರಿಕೊಂಡಾಗ ಅಪ್ಪನಿಗೆ ಆರು ವರ್ಷ, ಚಿಕ್ಕಪ್ಪನಿಗೆ ಎರಡು. ಚಿಕ್ಕಪ್ಪನನ್ನು ತರಗತಿಯ ಮೂಲೆಯಲ್ಲಿ, ಭೂಪಟಗಳನ್ನು ಇಡುವ ಮರದ ಪೆಟ್ಟಿಗೆಯಲ್ಲಿ ಮಲಗಿಸಿಕೊಂಡು ಮಕ್ಕಳಿಗೆ ಮಗ್ಗಿ ಹೇಳಿಸುತ್ತಿದ್ದಳಂತೆ. ಯಾರನ್ನೂ ಬಾಯಿಬಿಟ್ಟು ಹೊಗಳಿದವಳಲ್ಲ. ಉತ್ತರ ಸರಿಯಿದ್ದರೆ ಸುಮ್ಮನಿರುತ್ತಿದ್ದಳು. ತುಂಬ ಚೆನ್ನಾಗಿದ್ದರೆ ಪಕ್ಕದಲ್ಲಿ ಒಂದು ಚುಕ್ಕೆ ಇಡುತ್ತಿದ್ದಳು. ಆ ಚುಕ್ಕೆಗಾಗಿ ಈ ಊರಿನ ಮೂರು ತಲೆಮಾರು ಬಾಯಿ ಬಿಟ್ಟುಕೊಂಡು ಕಾದಿದೆ. ನಿವೃತ್ತಿಯಾದ ಮೇಲೂ ಅವಳ ಬುದ್ಧಿ ಬಿಡಲಿಲ್ಲ. ಡಾಕ್ಟರು ಗೀಚಿದ ಔಷಧಿ ಚೀಟಿಯನ್ನು ಓದಲು ಬರುವ ಹಾಗೆ ಬರೆದು ಕೊಡು ಎಂದು ವಾಪಸು ಕಳಿಸಿದಳು. ಐವತ್ತು ದಾಟಿದ ಡಾಕ್ಟರು ಕೂತು ದುಂಡಗೆ ಬರೆದು ಕಳಿಸಿದರು.

ಶಾಲೆ ಬಿಟ್ಟ ಮೇಲೆ ಅವಳ ಕೈಗೆ ಸಿಕ್ಕ ತರಗತಿ ನಾವು ಐವರು. ಬೀಳ್ಕೊಡುವಾಗ ಶಾಲೆಯವರು ಅವಳು ಬರೆಯುತ್ತಿದ್ದ ಕರಿಹಲಗೆಯನ್ನೇ ಬಿಚ್ಚಿ ಕೊಟ್ಟಿದ್ದರು. ಅದು ಊಟದ ಮೇಜಿನ ಎದುರಿನ ಗೋಡೆ ಏರಿತು. ಮನೆಯವರಿಗೆಲ್ಲ ಹಾಜರಿ ಪುಸ್ತಕದ ಹಾಗೆ ನಂಬರು ಬಿತ್ತು. ಅಪ್ಪ ಒಂದು, ಚಿಕ್ಕಪ್ಪ ಎರಡು, ಅಮ್ಮ ಮೂರು, ನಾನು ನಾಲ್ಕು. ಚಿಕ್ಕಮ್ಮ ಈ ಮನೆಗೆ ಬಂದದ್ದು ನಾನು ಹುಟ್ಟಿ ನಾಲ್ಕು ವರ್ಷಕ್ಕೆ, ಹಾಗಾಗಿ ಅವಳು ಐದು. ನಿನ್ನೆ ಮೊನ್ನೆ ಹಲ್ಲು ಬಂದವಳು ನನಗಿಂತ ಸೀನಿಯರ್ ಎಂದು ನನ್ನನ್ನು ಚುಚ್ಚುತ್ತಿದ್ದಳು.

ಪ್ರತಿ ಭಾನುವಾರ ಮಧ್ಯಾಹ್ನ ಅಜ್ಜಿ ಹಲಗೆ ಒರೆಸಿ ವಾರದ ಸರದಿ ಬರೆಯುತ್ತಿದ್ದಳು. ಬೆಳಗಿನ ಅಡುಗೆ, ಬಟ್ಟೆ, ಕಸ ಮತ್ತು ನೆಲ, ಹಾಲು ಬ್ರೆಡ್ಡು, ಸಂಜೆ ಅಡುಗೆ ಮತ್ತು ಪಾತ್ರೆ. ಒಂದೊಂದರ ಮುಂದೆ ಒಬ್ಬೊಬ್ಬರ ನಂಬರು. ಗಂಡಸು ಹೆಂಗಸು ಎಂಬ ಭೇದವಿಲ್ಲ, ಉಣ್ಣುವವರೆಲ್ಲ ತೊಳೆಯಬೇಕು. ಒಬ್ಬರ ಸರದಿಯನ್ನು ಇನ್ನೊಬ್ಬರು ಮಾಡುವ ಹಾಗಿಲ್ಲ, ಒಬ್ಬರ ಮನೆಪಾಠವನ್ನು ಇನ್ನೊಬ್ಬರು ಬರೆಯುವ ಹಾಗಿಲ್ಲವಲ್ಲ, ಹಾಗೆ. ಎಲ್ಲಕ್ಕಿಂತ ಭಾರದ್ದು ಸಂಜೆಯ ಸರದಿ. ಐದು ಗಂಟೆಗೆ ಆಲೂಗಡ್ಡೆ ಸುಲಿಯಲು ಕೂತರೆ ಕೊನೆಯ ಬೋಗುಣಿ ಬೋರಲು ಹಾಕುವ ಹೊತ್ತಿಗೆ ಬೆನ್ನು ಬಿದ್ದುಹೋಗುತ್ತಿತ್ತು. ಚಿಕ್ಕಪ್ಪನದು ಸಂಜೆ ಬಸ್ಸು ಓಡಿಸುವ ಕೆಲಸ. ತನ್ನ ಸರದಿ ಬಂದ ವಾರ ಡಿಪೋದವರ ಕಾಲು ಹಿಡಿದು ಬೆಳಗಿನ ಬಸ್ಸು ಹಾಕಿಸಿಕೊಳ್ಳುತ್ತಿದ್ದ. ಹಲಗೆಯ ಮೇಲೂ ಅಪರೂಪಕ್ಕೆ ಯಾರದೋ ನಂಬರಿನ ಪಕ್ಕ ಚುಕ್ಕೆ ಬೀಳುತ್ತಿತ್ತು. ಚಿಕ್ಕಮ್ಮನಿಗೆ ಮಾತ್ರ ಒಂಬತ್ತು ವರ್ಷದಲ್ಲಿ ಒಂದೂ ಬಿದ್ದಿರಲಿಲ್ಲ. ನನಗೆ ಚುಕ್ಕೆ ಬೇಡ, ಒಂದು ಹೊತ್ತು ಕೂತು ಉಣ್ಣೋಕೆ ಬಿಟ್ರೆ ಸಾಕು ಎನ್ನುತ್ತಿದ್ದಳು. ಬೇಕಿತ್ತು ಎಂಬುದು ಎಲ್ಲರಿಗೂ ಗೊತ್ತಿತ್ತು.

ಅಜ್ಜಿ ಹೋದದ್ದು ಒಂದು ಬುಧವಾರ ಬೆಳಿಗ್ಗೆ, ಕುರ್ಚಿಯಲ್ಲಿ ಕೂತಲ್ಲೇ. ಎಂಬತ್ತಾರು ವರ್ಷವಾಗಿತ್ತು. ಮುಂದಿನ ಭಾನುವಾರ ಅಮ್ಮ ಅಭ್ಯಾಸ ಬಲದಿಂದ ಒದ್ದೆ ಬಟ್ಟೆ ಹಿಡಿದು ಹಲಗೆಯ ಹತ್ತಿರ ಹೋದಳು. ಅಪ್ಪ ಹಾರಿ ಬಂದು ಅವಳ ಮಣಿಕಟ್ಟು ಹಿಡಿದ.

"ಮುಟ್ಟಬೇಡ. ಅಮ್ಮನ ಕೈಬರಹ ಅದು. ಕೊನೇದು."

ಎಲ್ಲರೂ ಹಲಗೆ ನೋಡಿದೆವು. ಬೆಳಗಿನ ಅಡುಗೆ ಮೂರು, ಬಟ್ಟೆ ಎರಡು, ನೆಲ ನಾಲ್ಕು, ಹಾಲು ಬ್ರೆಡ್ಡು ಒಂದು, ಸಂಜೆ ಅಡುಗೆ ಮತ್ತು ಪಾತ್ರೆ ಐದು. ಅಮ್ಮನ ಕಣ್ಣು ತುಂಬಿತು. ಚಿಕ್ಕಪ್ಪ ಮುಖ ತಿರುಗಿಸಿಕೊಂಡ. ಚಿಕ್ಕಮ್ಮ ಮಾತ್ರ ಆ ಕೊನೆಯ ಸಾಲನ್ನು ದಿಟ್ಟಿಸುತ್ತ ನಿಂತಿದ್ದಳು.

"ಇರಲಿ ಭಾವ, ಅಳಿಸೋದು ಬೇಡ. ಈ ವಾರದ್ದು ಒಂದು ಕಾಗದದ ಮೇಲೆ ಬರೆದು ಪಕ್ಕದಲ್ಲಿ ಅಂಟಿಸೋಣ" ಎಂದಳು.

"ಅಮ್ಮ ಬರೆದದ್ದು ಗೋಡೆ ಮೇಲಿರುವಾಗ ಇನ್ನೊಂದು ಕಾಗದನಾ? ಅವರು ಹೋಗಿ ನಾಲ್ಕು ದಿನ ಆಗಿಲ್ಲ, ಆಗಲೇ ಅವರ ಮಾತು ನಿನಗೆ ಭಾರ ಆಯ್ತಾ?"

ಅಪ್ಪ ನೀರಿನ ಕಚೇರಿಯಲ್ಲಿ ಗುಮಾಸ್ತ. ಬಂದ ಅರ್ಜಿಗಳನ್ನೆಲ್ಲ ಹಾಗೇ ಹಿಂದಕ್ಕೆ ತಳ್ಳಿ ತಳ್ಳಿ ಕೈ ಪಳಗಿತ್ತು. ಅವನ ತಾಯಿಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಆ ಪ್ರೀತಿಯೂ, ಬೆಳಿಗ್ಗೆ ಹತ್ತು ನಿಮಿಷ ನಡೆದು ಹಾಲು ಬ್ರೆಡ್ಡು ತರುವ ಹಗುರ ಕೆಲಸವೂ ಒಂದೇ ಹಲಗೆಯ ಮೇಲಿದ್ದವು. ಹೀಗೆ ಒಂದು ವಾರಕ್ಕೆ ಬರೆದ ಸರದಿ ಎರಡನೇ ವಾರಕ್ಕೆ ದಾಟಿತು, ಮೂರನೆಯದಕ್ಕೂ ದಾಟಿತು.

ಚಿಕ್ಕಮ್ಮನಿಗೆ ಯಾಕೆ ಅಷ್ಟು ಆತುರ ಎಂಬುದು ಮನೆಯಲ್ಲಿ ಎಲ್ಲರಿಗೂ ತಿಳಿದ ವಿಷಯ. ಅವಳು ಔಷಧಿ ಅಂಗಡಿಯಲ್ಲಿ ಹಗಲು ಹೊತ್ತು ಡಬ್ಬಿ ಜೋಡಿಸುತ್ತ, ಚೀಟಿ ಅಂಟಿಸುತ್ತ ಹತ್ತು ವರ್ಷ ಕಳೆದಿದ್ದಳು. ಈಗ ಸಂಜೆಯ ಪಾಳಿಯನ್ನು ಪೂರ್ತಿ ಅವಳ ಕೈಗೆ ಕೊಡುತ್ತೇನೆ ಎಂದು ಮಾಲೀಕ ಹೇಳಿದ್ದ. ಬೀಗದ ಕೈ ಅವಳದ್ದು, ಗಲ್ಲಾಪೆಟ್ಟಿಗೆಯ ಹಿಂದಿನ ಎತ್ತರದ ಕುರ್ಚಿ ಅವಳದ್ದು. ಹತ್ತು ವರ್ಷ ನಿಂತೇ ಇದ್ದವಳಿಗೆ ಆ ಕುರ್ಚಿ ಎಂದರೆ ಸಣ್ಣ ಮಾತಲ್ಲ. ಆದರೆ ಸಂಜೆ ಐದಕ್ಕೆ ಅಲ್ಲಿರಬೇಕು. ಮಾಲೀಕ ಅಜ್ಜಿಯ ಶಿಷ್ಯ, ಸಾವಿನ ಮನೆ ಎಂದು ಸ್ವಲ್ಪ ದಿನ ಕಾಯುತ್ತೇನೆ ಅಂದಿದ್ದ.

"ಅತ್ತೆಗೆ ಹೇಳಿದ್ದೆ. ಆ ಭಾನುವಾರ ಬೆಳಿಗ್ಗೆನೇ ಹೇಳಿದ್ದೆ. ಕೇಳಿ ತಲೆ ಆಡಿಸಿದ್ರು. ಮಧ್ಯಾಹ್ನ ನೋಡಿದ್ರೆ ಸಂಜೆಗೇ ನನ್ನ ನಂಬರು. ಒಂಬತ್ತು ವರ್ಷ ಅವರ ಕೈಕೆಳಗೆ ದುಡಿದದ್ದಕ್ಕೆ ಇಷ್ಟು ಕೊಟ್ಟು ಹೋದ್ರು" ಎಂದು ಅವಳು ಅಮ್ಮನ ಮುಂದೆ ಹೇಳಿದ್ದು ನನ್ನ ಕಿವಿಗೆ ಬಿತ್ತು.

ಅಮ್ಮ ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ. ಸತ್ತವರ ಮೇಲೆ ಬಾಯಿ ಮಾಡಬೇಡ ಎಂದಷ್ಟೇ ಹೇಳಿ ಚಕ್ರ ತಿರುಗಿಸಿದಳು. ಅಮ್ಮನಿಗೂ ಬೆಳಗಿನ ಅಡುಗೆ ಅನುಕೂಲವಾಗಿತ್ತು, ಮಧ್ಯಾಹ್ನದಿಂದ ಹೊಲಿಗೆ ಎಂದು ಕೂರಬಹುದಿತ್ತು.

ಈಗ ನನ್ನ ಪಾಲಿನದು ಹೇಳಬೇಕು. ಆ ಹಲಗೆಯ ಮೇಲಿದ್ದದ್ದು ಅಜ್ಜಿಯ ಕೈಬರಹವೇ ಅಲ್ಲ, ನನ್ನದು.

ಹಿಂದಿನ ವರ್ಷದಿಂದ ಅಜ್ಜಿಯ ಕೈ ನಡುಗುತ್ತಿತ್ತು. ಕಣ್ಣೂ ಮಬ್ಬಾಗಿತ್ತು. ಊರಿಗೆಲ್ಲ ಅಕ್ಷರ ತಿದ್ದಿದವಳಿಗೆ ಸೊಟ್ಟ ಸಾಲು ಬರೆಯುವುದೆಂದರೆ ಬೀದಿಯಲ್ಲಿ ಎಡವಿ ಬಿದ್ದಷ್ಟು ಅವಮಾನ. ಒಂದು ಭಾನುವಾರ ಎಲ್ಲರೂ ಊಟ ಮುಗಿಸಿ ಅಡ್ಡಾಗಿದ್ದಾಗ ನನ್ನನ್ನು ಕರೆದು, ನಾನು ಹೇಳ್ತೀನಿ ನೀನು ಬರಿ, ಯಾರ ಹತ್ತಿರಾನೂ ಬಾಯಿ ಬಿಡಬೇಡ ಅಂದಳು. ಅವಳ ಅಕ್ಷರವನ್ನು ಅಚ್ಚಿಳಿಸುವುದು ನನಗೆ ಕಷ್ಟವಾಗಲಿಲ್ಲ, ಹುಟ್ಟಿದಾಗಿನಿಂದ ಅದನ್ನೇ ತಿದ್ದಿದ್ದೆ. ಬರೆದು ಮುಗಿಸಿದ ಮೇಲೆ ಅವಳು ಸೀಮೆಸುಣ್ಣದ ತುಂಡನ್ನು ಬೆರಳುಗಳಿಗೆ ಉಜ್ಜಿಕೊಂಡು, ಈಗತಾನೇ ಬರೆದವಳ ಹಾಗೆ ಕುರ್ಚಿಯಲ್ಲಿ ಕೂರುತ್ತಿದ್ದಳು. ಮನೆಯವರು ಎದ್ದು ಬಂದು ಹಲಗೆ ನೋಡುವಾಗ ಆ ಬಿಳಿ ಬೆರಳುಗಳನ್ನು ಮಡಿಲಲ್ಲಿ ಎದ್ದು ಕಾಣುವ ಹಾಗೆ ಇಟ್ಟುಕೊಳ್ಳುತ್ತಿದ್ದಳು. ಜೀವನದಲ್ಲಿ ಅವಳು ಮಾಡಿದ ಕಳ್ಳಾಟ ಅದೊಂದೇ ಇರಬೇಕು.

ಕೊನೆಯ ಭಾನುವಾರಕ್ಕೆ ಮೂರು ದಿನ ಮುಂಚೆ ಚಿಕ್ಕಮ್ಮ ನನ್ನ ಚೀಲದಲ್ಲಿ, ಗೆಳತಿಯ ಉತ್ತರ ನಕಲು ಮಾಡಿ ತೊಂಬತ್ತೆರಡು ಅಂಕ ಪಡೆದ ನನ್ನ ವಿಜ್ಞಾನದ ಹಾಳೆಯನ್ನೂ ಆ ಗೆಳತಿಯ ಹಾಳೆಯನ್ನೂ ಒಟ್ಟಿಗೆ ಕಂಡಳು. ಎರಡರಲ್ಲೂ ಒಂದೇ ತಪ್ಪುಗಳು. ನೇರವಾಗಿ ಅಜ್ಜಿಯ ಮುಂದೆ ಇಟ್ಟಳು. ಅಜ್ಜಿ ನನ್ನನ್ನು ಊಟದ ಮೇಜಿನಲ್ಲಿ ಎಲ್ಲರ ಎದುರು ಕೂರಿಸಿ ಅದೇ ಪ್ರಶ್ನೆಗಳಿಗೆ ಮತ್ತೆ ಉತ್ತರ ಬರೆಸಿದಳು. ಮೂವತ್ತೊಂದು ಬಂತು. ಮಾರನೆಯ ದಿನ ಶಾಲೆಗೆ ಹೇಳಿಕಳಿಸಿ ಅಂಕ ತಿದ್ದಿಸಿದಳು, ನನ್ನ ಎದೆಯ ಮೇಲಿದ್ದ ತರಗತಿ ನಾಯಕಿಯ ಬಿಲ್ಲೆ ಹೋಯಿತು. ಅಜ್ಜಿಯ ಮೇಲೆ ಸಿಟ್ಟು ಮಾಡುವ ಧೈರ್ಯ ನನಗಿರಲಿಲ್ಲ. ಎಲ್ಲ ಸಿಟ್ಟನ್ನೂ ಚಿಕ್ಕಮ್ಮನ ತಲೆಗೆ ಕಟ್ಟಿದೆ.

ಆ ಭಾನುವಾರ ಅಜ್ಜಿ ಹೇಳಿಬರೆಸಿದ್ದು ಹಾಲು ಬ್ರೆಡ್ಡು ಐದು, ಸಂಜೆ ಅಡುಗೆ ಮತ್ತು ಪಾತ್ರೆ ಒಂದು. ನಾನು ಎರಡನ್ನೂ ಅದಲುಬದಲು ಮಾಡಿದೆ. ಬರೆದೆಯಾ ಎಂದು ಕೇಳಿದಳು. ಬರೆದೆ ಎಂದೆ. ಅವಳು ಬೆರಳುಗಳಿಗೆ ಸೀಮೆಸುಣ್ಣ ಉಜ್ಜಿಕೊಂಡಳು. ಒಂದು ವಾರ ಪಾತ್ರೆ ತಿಕ್ಕಲಿ, ಬುದ್ಧಿ ಬರುತ್ತೆ ಎಂಬುದಷ್ಟೇ ನನ್ನ ಲೆಕ್ಕಾಚಾರ. ಸೋಮವಾರ, ಮಂಗಳವಾರ ಅಜ್ಜಿ ನೆಗಡಿಯೆಂದು ಕೋಣೆ ಬಿಟ್ಟು ಬರಲಿಲ್ಲ, ಚಿಕ್ಕಮ್ಮನೂ ಬಿಂಕಕ್ಕೆ ಅವಳನ್ನು ಕೇಳಲಿಲ್ಲ. ಬುಧವಾರ ಅಜ್ಜಿ ಸತ್ತೇಹೋಗುತ್ತಾಳೆ, ನನ್ನ ಕಿಡಿಗೇಡಿತನ ಅವಳ ಕೊನೆಯ ಆಜ್ಞೆಯಾಗಿ ಗೋಡೆಯ ಮೇಲೆ ಕೂರುತ್ತದೆ ಎಂದು ಯಾರಿಗೆ ಗೊತ್ತಿತ್ತು?

ಹೇಳಿಬಿಡಬಹುದಿತ್ತು. ಆದರೆ ಬಂದವರೆಲ್ಲ ಆ ಹಲಗೆಯ ಮುಂದೆ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದರು. ಎಂಬತ್ತಾರರಲ್ಲೂ ಎಂಥ ಕೈ ನೋಡಿ, ಒಂದು ಗೆರೆ ಅಲುಗಿಲ್ಲ ಎನ್ನುತ್ತಿದ್ದರು. ಅಪ್ಪ ಒಬ್ಬೊಬ್ಬರನ್ನೂ ಕೈ ಹಿಡಿದು ಕರೆದು ತೋರಿಸುತ್ತಿದ್ದ. ನಾನು ಬಾಯಿಗೆ ಬೀಗ ಹಾಕಿಕೊಂಡು ನೆಲ ಒರೆಸಿದೆ.

ನಾಲ್ಕನೇ ವಾರ ಚಿಕ್ಕಮ್ಮ ತಿರುಗಿಬಿದ್ದಳು. ಸಂಜೆ ಐದಕ್ಕೆ ಕೋಣೆ ಸೇರಿ ಬಾಗಿಲು ಹಾಕಿಕೊಂಡಳು. ಎಂಟು ಗಂಟೆಗೆ ಅಪ್ಪ ಬಂದು ಮೇಜಿನಲ್ಲಿ ಕೂತ, ತಟ್ಟೆ ಖಾಲಿ. ಬೆಳಗಿನ ಬ್ರೆಡ್ಡಿನ ಎರಡು ಚೂರುಗಳನ್ನು ನೀರಿನ ಜೊತೆ ತಿಂದ, ಇಡೀ ಮನೆಗೆ ಕೇಳುವಷ್ಟು ಸದ್ದು ಮಾಡಿ ಅಗಿದ. ನಮ್ಮಮ್ಮ ಇದ್ದಿದ್ದರೆ ಈ ಮನೆಯಲ್ಲಿ ಒಲೆ ಆರುತ್ತಿರಲಿಲ್ಲ ಎಂದು ಹಲಗೆಗೆ ಹೇಳಿದ. ಬಾಗಿಲು ತೆರೆಯಿತು.

"ಅತ್ತೆ ಇದ್ದಿದ್ರೆ ಪ್ರತಿ ಭಾನುವಾರ ಹಲಗೆ ಒರೆಸ್ತಿದ್ರು ಭಾವ. ನೀವು ಅವರ ಅಕ್ಷರಾನ ಇಟ್ಕೊಂಡ್ರಿ, ಅವರ ಭಾನುವಾರಾನ ಬಿಟ್ರಿ."

"ನಿನಗೆ ಅವರ ಮೇಲೆ ಪ್ರೀತಿ ಇರಲಿಲ್ಲ, ಬಿಡು. ಹೋದ ದಿನಾನೇ ನೋಡಿದ್ವಲ್ಲ. ಒಂದು ಹನಿ ಬಂತಾ ಕಣ್ಣಲ್ಲಿ?"

"ಲೋಟ ಯಾರು ತೊಳೀತಿದ್ರು ಆಗ? ನೀವಾ?"

ಚಿಕ್ಕಪ್ಪ ಆಗಷ್ಟೇ ಬಸ್ಸು ಬಿಟ್ಟು ಬಂದು ಹೊಸ್ತಿಲಲ್ಲಿ ನಿಂತಿದ್ದ. ಅರವತ್ತು ಜನರನ್ನು ತುಂಬಿಕೊಂಡು ಇಕ್ಕಟ್ಟು ತಿರುವಿನಲ್ಲಿ ಬಸ್ಸು ತಿರುಗಿಸುವ ಮನುಷ್ಯ, ಅಣ್ಣನ ಎದುರು ನಾಲಗೆ ತಿರುಗಿಸಲಾರ. ನಾನೇ ಏನಾದರೂ ಬೇಯಿಸುತ್ತೇನೆ ಎಂದು ಗೊಣಗಿದ. ಎರಡನೇ ನಂಬರಿಗೆ ಬಟ್ಟೆ, ಅಡುಗೆ ಅಲ್ಲ ಎಂದು ಅಪ್ಪ ಅಲ್ಲೇ ತಡೆದ. ಕೊನೆಗೆ ಅಮ್ಮ ಪಾತ್ರೆಗಳನ್ನು ದಡದಡ ಕುಕ್ಕುತ್ತ ಅನ್ನ, ಬೇಳೆ ಬೇಯಿಸಿದಳು. ಉಪ್ಪು ಎರಡು ಸಲ ಬಿದ್ದಿತ್ತು, ನೀರು ಕುಡಿದು ಕುಡಿದು ನುಂಗಿದೆವು. ಮಾರನೆಯ ಸಂಜೆಯಿಂದ ಚಿಕ್ಕಮ್ಮ ಮತ್ತೆ ಒಲೆಯ ಮುಂದೆ ನಿಂತಳು. ಅವಳೂ ಅಮ್ಮನೂ ಮಾತು ಬಿಟ್ಟರು. ಉಪ್ಪಿನ ಡಬ್ಬಿ ಬೇಕಿದ್ದರೂ ನನ್ನ ಮೂಲಕ ಕೇಳುವಷ್ಟು ಮುನಿಸು.

ಆರನೇ ವಾರ ಹಳೇ ವಿದ್ಯಾರ್ಥಿಗಳು ಬಂದರು. ಟೀಚರ ನೆನಪಿನ ಸಭೆಯನ್ನು ಮನೆಯಲ್ಲೇ ಮಾಡೋಣ, ಎಲ್ಲರೂ ಹಲಗೆ ನೋಡಬೇಕು ಅಂತಿದ್ದಾರೆ ಎಂದರು. ಅಪ್ಪ ಉಬ್ಬಿಹೋದ. ಹಲಗೆಗೆ ಗಾಜು ಹಾಕಿಸುವುದೆಂದು ನಿಶ್ಚಯವಾಯಿತು. ಗಾಜಿನವನೂ ಅಜ್ಜಿಯ ಶಿಷ್ಯನೇ. ಅಳತೆಪಟ್ಟಿ ಹಿಡಿದು ಬಂದವನು ಅಳತೆ ಬರೆದುಕೊಳ್ಳುವಾಗ ಯಾರೋ ಹಿಂದೆ ನಿಂತಿದ್ದಾರೆ ಎಂಬಂತೆ ಅಕ್ಷರಗಳನ್ನು ತಿದ್ದಿ ತಿದ್ದಿ ಬರೆದ. ಮುಂದಿನ ವಾರ ಶುಕ್ರವಾರ ಸಂಜೆ ಗಾಜು ಕೂತಿತು. ನಾಲ್ಕು ಮೂಲೆಗೆ ನಾಲ್ಕು ತಿರುಪು. ಇನ್ನು ಅಳಿಸಬೇಕೆಂದರೂ ಅಳಿಸುವಂತಿಲ್ಲ.

ಅದೇ ಸಂಜೆ ಚಿಕ್ಕಮ್ಮ ಅಂಗಡಿಯಿಂದ ಬಂದವಳು ಸೀದಾ ಈರುಳ್ಳಿ ಹೆಚ್ಚಿದಳು. ಊಟಕ್ಕೆ ಬಡಿಸಿ, ತಾನು ನಿಂತುಕೊಂಡೇ ಹೇಳಿದಳು.

"ಸಂಜೆ ಪಾಳಿ ಬೇರೆಯವರಿಗೆ ಕೊಟ್ಬಿಟ್ರು. ಏಳು ವಾರ ಕಾದ್ರು ಪಾಪ, ಇನ್ನೆಷ್ಟು ಕಾಯ್ತಾರೆ. ನೀವು ಬೇಕಿದ್ರೆ ಇನ್ನೊಂದು ಗಾಜು ಹಾಕ್ಸಿ ಭಾವ, ಗಟ್ಟಿಯಾಗಿರುತ್ತೆ."

ಅಪ್ಪ ಅನ್ನ ಕಲಸುತ್ತಲೇ ಇದ್ದ. ಕೊನೆಗೆ ಅರ್ಧಕ್ಕೇ ಎದ್ದ.

ಭಾನುವಾರ ಮಧ್ಯಾಹ್ನ ನಲವತ್ತು ಜನ ಬಂದರು. ಪಕ್ಕದ ಮನೆಗಳಿಂದ ಕುರ್ಚಿ ತಂದದ್ದಾಯಿತು, ಸಾಲದವರು ನೆಲದ ಮೇಲೆ ಕೂತರು, ಮೂರನೇ ತರಗತಿಯಲ್ಲಿ ಕೂತ ಹಾಗೇ. ಅಪ್ಪ ಗಾಜಿನ ಪಕ್ಕ ನಿಂತಿದ್ದ. ಒಬ್ಬೊಬ್ಬರು ಎದ್ದು ಒಂದೊಂದು ಹೇಳಿದರು. ಅಂಚೆ ಕಚೇರಿಯಿಂದ ನಿವೃತ್ತಳಾದ ಒಬ್ಬ ಹೆಂಗಸು, ತಾನು ಎಂಟನೇ ವಯಸ್ಸಿನಲ್ಲಿ ಟೀಚರ ಪೆನ್ಸಿಲು ಕದ್ದ ಕಥೆ ಹೇಳಿದಳು. ಟೀಚರು ಯಾರು ಕದ್ದದ್ದು ಎಂದು ಕೇಳಲೇ ಇಲ್ಲವಂತೆ. ಹೆಬ್ಬೆರಳಷ್ಟು ಉಳಿದಿದ್ದ ಮೋಟು ಪೆನ್ಸಿಲಿನಲ್ಲೇ ದಿನಾ ಹಾಜರಿ ಬರೆಯುತ್ತಿದ್ದರಂತೆ, ಎಲ್ಲರಿಗೂ ಕಾಣುವ ಹಾಗೆ.

"ಹತ್ತನೇ ದಿನ ನಾನೇ ಹೋಗಿ ಪೆನ್ಸಿಲು ಮೇಜಿನ ಮೇಲಿಟ್ಟೆ. ಹತ್ತು ದಿನ ಬೇಕಾಯ್ತಾ ಅಂದ್ರು. ಅಷ್ಟೇ. ಹೊಡೆದಿದ್ರೆ ಮರೆತುಹೋಗ್ತಿತ್ತು" ಎಂದಳು.

ಜನ ನಕ್ಕರು. ನನಗೆ ಕಿವಿ ಬಿಸಿಯಾಯಿತು.

ಆಮೇಲೆ ಯಾರೋ, ಸೊಸೆಯಂದಿರೂ ಎರಡು ಮಾತು ಹೇಳಲಿ ಎಂದರು. ಅಮ್ಮ ಕರವಸ್ತ್ರ ಹುಡುಕಿ ಅತ್ತಳು. ಚಿಕ್ಕಮ್ಮನನ್ನು ಅಡುಗೆಮನೆಯಿಂದ ಕರೆದರು. ಅವಳು ಟೀ ಲೋಟಗಳನ್ನು ಸಿಂಕಿಗೆ ಹಾಕಿ, ಒದ್ದೆ ಕೈಯಲ್ಲೇ ಬಾಗಿಲಲ್ಲಿ ಬಂದು ನಿಂತಳು.

"ನನಗೆ ಮಾತಾಡೋಕೆ ಬರಲ್ಲ. ನಿಮಗೆಲ್ಲ ಅವರು ಅಕ್ಷರ ಕಲಿಸಿದ್ರು. ನಾನು ಅವರನ್ನ ಒಂದೇ ಒಂದು ಕೇಳಿದ್ದೆ, ಒಂಬತ್ತು ವರ್ಷದಲ್ಲಿ ಒಂದು. ಅದಕ್ಕೆ ಅವರು ಕೊಟ್ಟ ಉತ್ತರ ಅಲ್ಲಿದೆ. ಕೊನೇ ಸಾಲು, ಓದ್ಕೊಳ್ಳಿ. ಈಗ ಗಾಜೂ ಹಾಕಿದಾರೆ. ಅವರು ದೊಡ್ಡವರು, ಇಲ್ಲ ಅನ್ನಲ್ಲ. ನನ್ನ ಪಾಲಿಗೆ ಇರಲಿಲ್ಲ ಅಷ್ಟೇ."

ಅಪ್ಪನ ಮುಖ ಕಪ್ಪಿಟ್ಟಿತು. ಹೊರಗಿನವರ ಎದುರು ಮನೆಯ ಮಾನ ಕಳೆಯಬೇಡ, ಒಳಗೆ ನಡೆ ಎಂದು ಹಲ್ಲು ಕಚ್ಚಿ ಹೇಳಿದ. ಆಗ ನಾನು ಎದ್ದು ನಿಂತದ್ದು ಧೈರ್ಯದಿಂದಲ್ಲ. ಅಜ್ಜಿಯನ್ನು ಅಷ್ಟು ಜನರ ಮುಂದೆ ಹಾಗೆ ಅಂದದ್ದು ಸಹಿಸಲಾಗಲಿಲ್ಲ, ಹಾಗೆ ಅನ್ನುವಂತಾದದ್ದು ನನ್ನಿಂದ ಎಂಬುದನ್ನು ಅದಕ್ಕಿಂತಲೂ ಸಹಿಸಲಾಗಲಿಲ್ಲ.

"ಅದು ಅಜ್ಜಿ ಬರೆದದ್ದಲ್ಲ. ನಾನು ಬರೆದದ್ದು."

ಅಪ್ಪ ನಂಬಲಿಲ್ಲ. ಚಿಕ್ಕಮ್ಮನ ಪರ ವಹಿಸಿ ಸುಳ್ಳು ಹೇಳುತ್ತೀಯಾ ಎಂದು ಗದರಿದ. ನಾನು ಅವಳ ಪರ ವಹಿಸುವುದಂತೆ! ಅಜ್ಜಿಯ ಕುರ್ಚಿಯ ಕೆಳಗಿನ ಡಬ್ಬಿಯಿಂದ ಸೀಮೆಸುಣ್ಣ ತೆಗೆದುಕೊಂಡು, ಮುಂದೆ ಕೂತವರನ್ನು ಸರಿಸಿ, ನೆಲದ ಮೇಲೆ ಮಂಡಿಯೂರಿ ಬರೆದೆ. ಬೆಳಗಿನ ಅಡುಗೆ ಮೂರು. ಬಟ್ಟೆ ಎರಡು. ಕಸ ಮತ್ತು ನೆಲ ನಾಲ್ಕು. ಹಾಲು ಬ್ರೆಡ್ಡು ಐದು. ಸಂಜೆ ಅಡುಗೆ ಮತ್ತು ಪಾತ್ರೆ ಒಂದು. ಗಾಜಿನ ಹಿಂದಿನ ಅಕ್ಷರ, ನೆಲದ ಮೇಲಿನ ಅಕ್ಷರ, ಎರಡೂ ಒಂದೇ ಕೈಯವು ಎಂದು ಹೇಳಲು ಯಾರೂ ಬೇಕಿರಲಿಲ್ಲ. ಆ ಕೋಣೆಯಲ್ಲಿದ್ದವರೆಲ್ಲ ಆ ಅಕ್ಷರವನ್ನೇ ಓದಿ ಬೆಳೆದವರು.

"ಅಜ್ಜಿ ಹೇಳಿದ್ದು ಹೀಗೆ. ನಾನು ಒಂದು, ಐದು ಅದಲುಬದಲು ಮಾಡಿದೆ" ಎಂದೆ. ಅಜ್ಜಿಯ ಕೈ ನಡುಗುತ್ತಿದ್ದದ್ದು, ಅವಳು ಬೆರಳಿಗೆ ಉಜ್ಜಿಕೊಳ್ಳುತ್ತಿದ್ದ ಸೀಮೆಸುಣ್ಣ, ವಿಜ್ಞಾನದ ಹಾಳೆ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಅಪ್ಪ ಗಾಜನ್ನು ಹಿಡಿದುಕೊಂಡು ನಿಂತಿದ್ದ. ಏಳು ವಾರ ಕಾವಲು ಕಾದ ವಸ್ತು ಮಗಳ ಕಿತಾಪತಿ ಎಂದು ತಿಳಿದಾಗ ಮನುಷ್ಯನ ಮುಖ ಹೇಗಾಗುತ್ತದೆ ಎಂದು ಅಂದು ನೋಡಿದೆ.

ಚಿಕ್ಕಮ್ಮ ಅವನನ್ನು ನೋಡಲಿಲ್ಲ. ನೆಲದ ಬರಹದ ಹತ್ತಿರ ಬಂದು ನಿಂತಳು. ಬಹಳ ಹೊತ್ತು ಓದಿದಳು, ಐದೇ ಸಾಲು.

"ಬೇರೆ ಏನಾದ್ರೂ ಹೇಳಿದ್ರಾ?"

ಹೇಳಿದ್ದಳು. ಏಳು ವಾರ ನಾನು ಬಚ್ಚಿಟ್ಟದ್ದು ಅದೇ.

"ಅವಳಿಗೆ ಸಂಜೆ ಕೆಲಸ ಸಿಕ್ಕಿದೆ, ಇನ್ಮೇಲೆ ಅವಳ ನಂಬರು ಸಂಜೆಗೆ ಹಾಕಬೇಡ ಅಂದ್ರು. ಆಮೇಲೆ ಐದರ ಪಕ್ಕ ಒಂದು ಚುಕ್ಕೆ ಇಡು ಅಂದ್ರು. ನಾನು ಇಡಲಿಲ್ಲ."

ಏಟು ಬಿದ್ದದ್ದು ಗೊತ್ತಾಗುವ ಮೊದಲೇ ಕೆನ್ನೆ ಉರಿಯಿತು. ಒದ್ದೆ ಕೈಯ ಏಟು, ಸೋಪಿನ ವಾಸನೆ. ಅಮ್ಮ ಕುರ್ಚಿಯಿಂದ ಅರ್ಧ ಎದ್ದವಳು ಹಾಗೇ ಕೂತಳು.

"ಇಡು" ಎಂದಳು ಚಿಕ್ಕಮ್ಮ.

ನಾನು ಬಗ್ಗಿ ಐದರ ಪಕ್ಕ ಚುಕ್ಕೆ ಇಟ್ಟೆ. ಅವಳು ಅದರ ಮುಂದೆ ಕುಕ್ಕರಿಸಿ ಕೂತು, ಅಷ್ಟು ಜನರ ನಡುವೆ, ಅತ್ತೆ ಅತ್ತೆ ಎಂದು ಅಳತೊಡಗಿದಳು. ಏಳು ವಾರದ ಹಿಂದೆ ಅಳಬೇಕಿದ್ದ ಅಳು ಅದು. ಯಾರೂ ಅವಳನ್ನು ಸಮಾಧಾನ ಮಾಡಲು ಹೋಗಲಿಲ್ಲ, ಹೋಗುವ ಮುಖ ಯಾರಿಗೂ ಇರಲಿಲ್ಲ. ಗಡಿಯಾರದಲ್ಲಿ ಐದು ಗಂಟೆಯಾಗಿತ್ತು. ಅಪ್ಪ ಗಾಜಿನಿಂದ ಕೈ ತೆಗೆದು, ಅಂಗಿಯ ತೋಳು ಮಡಚಿಕೊಂಡು ಅಡುಗೆಮನೆಗೆ ಹೋದ. ಸಿಂಕಿನಲ್ಲಿ ನಲವತ್ತು ಲೋಟಗಳಿದ್ದವು.